ಬೀಗಿತ್ತಿ ಹೊಗಳಿದ ಆಲೂಗಡ್ಡೆ

ನಮ್ಮ ಅತ್ತಿಗೆ ಬುರ್ಮಕಾನಳ ಆಲೂಗಡ್ಡೆ ಪಾತಿಯನ್ನು ಯಾರೂ ಹೊಗಳುವಂತಿಲ್ಲ, ಹೊಗಳದೆ ಹೋಗುವಂತೆಯೂ ಇಲ್ಲ. ಬಂದವರು ಬೇಲಿಯ ಹತ್ತಿರ ನಿಂತು, ಒಂದು ಗಳಿಗೆ ನೋಡಿ, ದೃಷ್ಟಿಯಾಗದಿರಲೆಂದು ಎಡಭುಜದ ಕಡೆ ತಿರುಗಿ ತು ತು ಎಂದು ಉಗಿದು, ಆಮೇಲೆ “ಪರವಾಗಿಲ್ಲ” ಎನ್ನಬೇಕು. ಉಗುಳು ಮೊದಲು, ಮಾತು ಆಮೇಲೆ. ನಮ್ಮ ಕಿಜಿಲ್ ದೊಬೊ ಊರಿನಲ್ಲಿ ನಾಲ್ಕು ವರ್ಷದ ಮಗುವಿಗೂ ಇದು ಗೊತ್ತು.

ಶಾಯಿರ್‌ಗೂ ಗೊತ್ತಿತ್ತು. ಆದರೆ ಆವತ್ತು ಅವಳ ಮನಸ್ಸು ನೆಲದ ಮೇಲಿರಲಿಲ್ಲ. ಅವಳ ಮಗಳು ಬುರುಲ್‌ಳನ್ನು ನಮ್ಮಣ್ಣನ ಮಗ ಕುಬಾತ್‌ಗೆ ಗೊತ್ತುಮಾಡಿ, ಅತ್ತಿಗೆ ತನ್ನ ಕೈಯಾರೆ ಹುಡುಗಿಯ ಕಿವಿಗೆ ಬೆಳ್ಳಿ ಓಲೆ ಇಟ್ಟು ಬಂದಿದ್ದಳು. ಬೀಗರಾದ ಮೇಲೆ ಶಾಯಿರ್ ಈ ಮನೆಗೆ ಬಂದದ್ದು ಅದೇ ಮೊದಲು. ಕುರಿಯ ಬಾಲದ ಕೊಬ್ಬು ತಿಂದು, ಚಹಾದ ಮೇಲೆ ಚಹಾ ಕುಡಿದು, ಕೈಯಲ್ಲೊಂದು ಕರಿದ ಹಿಟ್ಟಿನ ಬೋರ್ಸೋಕ್ ಹಿಡಿದುಕೊಂಡು ಪಾತಿಯ ಹತ್ತಿರ ಹೋದಳು. ಗಿಡಗಳೆಲ್ಲ ತಿಳಿನೇರಳೆ ಹೂ ಬಿಟ್ಟು ಸೊಂಟದುದ್ದ ನಿಂತಿದ್ದವು.

“ಅಯ್ಯೋ ಬೀಗಿತ್ತಿ, ಇದೇನು ಆಲೂಗಡ್ಡೆನಾ ಕಾಡಾ? ಇದರೊಳಗೆ ಕುರಿ ಹೊಕ್ಕರೆ ಕಿವಿನೂ ಕಾಣಲ್ಲ” ಎಂದುಬಿಟ್ಟಳು.

ಉಗಿಯಲಿಲ್ಲ. ಬಾಯಿ ತುಂಬ ಬೋರ್ಸೋಕ್ ಇತ್ತು, ಉಗಿದಿದ್ದರೆ ಅದೂ ಹೋಗುತ್ತಿತ್ತು ಎಂದು ಆಮೇಲೆ ಅವಳೇ ಹೇಳಿದಳು. ಅತ್ತಿಗೆಯ ಮುಖದ ನಗು ಅರ್ಧದಲ್ಲಿ ನಿಂತಿತು. ಬೀಗಿತ್ತಿಯ ಪರವಾಗಿ ತಾನೇ ಮೆಲ್ಲಗೆ ಉಗಿದಳು. ಆದರೆ ಒಬ್ಬರ ಬಾಯಿಯ ಹೊಗಳಿಕೆಗೆ ಇನ್ನೊಬ್ಬರ ಉಗುಳು ನಾಟುತ್ತದೆಯೇ ಎನ್ನುವ ಬಗ್ಗೆ ನಮ್ಮ ಹೆಂಗಸರಲ್ಲಿ ಒಮ್ಮತವಿಲ್ಲ.

ಒಂದು ವಾರದೊಳಗೆ ಮೂಲೆಯ ಗಿಡವೊಂದು ತಲೆ ಜೋತು ಮಲಗಿತು.

ಅಣ್ಣನ ಮನೆಗೂ ನನ್ನ ಮನೆಗೂ ನಡುವೆ ಒಂದು ನೀರ್ಗಾಲುವೆ, ಒಂದು ಮುರುಕು ಬೇಲಿ ಅಷ್ಟೇ. ಅತ್ತಿಗೆ ಕೂಗಿದರೆ ಕೇಳಿಸದೆ ಇರುವುದಕ್ಕೆ ನಾನೇನು ಕಿವುಡನಲ್ಲ. ಗಂಡನ ತಮ್ಮನ ಹೆಸರನ್ನು ಸೊಸೆಯಾದವಳು ಹೇಳಬಾರದು. ನಾನು ಮಸೀದಿಯಲ್ಲಿ ಬಾಂಗು ಕೂಗುವವನಾದ್ದರಿಂದ ಅವಳು ನನಗೊಂದು ಹೆಸರು ಕಟ್ಟಿದ್ದಾಳೆ.

“ಬಾಂಗಪ್ಪಾ, ಬಾ ಇಲ್ಲಿ. ನಿನ್ನ ಬೀಗಿತ್ತಿ ಮಾಡಿದ್ದನ್ನ ನೋಡು.”

ಗಿಡ ನಿಜಕ್ಕೂ ಸತ್ತಿತ್ತು. ಅತ್ತಿಗೆ ಬುಡ ಹಿಡಿದು ಎಳೆದಳು. ಎಳೆಯುವುದಕ್ಕೆ ಏನೂ ಇರಲಿಲ್ಲ, ಬೆಣ್ಣೆಯೊಳಗಿನ ಕೂದಲು ಬಂದ ಹಾಗೆ ಬಂತು.

“ನೋಡು, ಒಂದು ಗೆಡ್ಡೆ ಇಲ್ಲ. ಗೋಲಿಯಷ್ಟೂ ಇಲ್ಲ. ಎಲೆ ಬಾಡಿಸೋ ಕಣ್ಣು ಕೇಳಿದ್ದೆ. ಇವಳದ್ದು ಮಣ್ಣೊಳಗೆ ಇಳಿದು ಗೆಡ್ಡೆನೂ ತಿಂದಿದೆ.”

ಜಗಲಿಯ ಮೇಲೆ ಕೂತಿದ್ದ ನಮ್ಮಣ್ಣ ಮಾಮಿರ್ ಚಹಾದ ಬಟ್ಟಲಿನೊಳಗೆ ಇನ್ನಷ್ಟು ಆಳಕ್ಕೆ ನೋಡತೊಡಗಿದ.

“ಏನಾದ್ರೂ ಹೇಳಿ, ಕುಬಾತನ ಅಪ್ಪ.”

“ಹೇಳೋದೇನಿದೆ. ಒಂದು ಗಿಡ ತಾನೆ.”

“ಇವತ್ತು ಗಿಡ. ನಾಳೆ ಕುರಿ. ನಾಡಿದ್ದು ನನ್ನ ಮೊಮ್ಮಗು ತೊಟ್ಟಿಲಲ್ಲಿರುತ್ತೆ, ಅವಳು ಬಗ್ಗಿ ನೋಡಿ ಎಷ್ಟು ಚಂದ ಅಂತಾಳೆ. ಆಗ?”

ನಮ್ಮಜ್ಜ ಚಳಿಗಾಲದಲ್ಲಿ ಒಲೆಯ ಪಕ್ಕ ಕೂತು ವೀರರ ಕಥೆಯನ್ನು ಪದ ಕಟ್ಟಿ ಹಾಡುತ್ತಿದ್ದ. ಅದರಲ್ಲಿ ಒಬ್ಬ ವೀರ ಕುದುರೆಯಿಂದ ಬೀಳುವುದಕ್ಕೆ ಅರ್ಧ ರಾತ್ರಿ ಹಿಡಿಯುತ್ತಿತ್ತು. ಆ ಒಂದು ಆಲೂಗಡ್ಡೆ ಗಿಡ ಬಿದ್ದ ಕಥೆಯನ್ನು ಅತ್ತಿಗೆ ಊರಿಗೆ ಹೇಳಿ ಮುಗಿಸುವುದಕ್ಕೆ ಅದಕ್ಕಿಂತ ಹೆಚ್ಚು ಹಿಡಿಯಿತು. ಕಥೆಯ ಕೊನೆಯಲ್ಲಿ ಪ್ರತಿ ಸಲವೂ ಒಂದೇ ಮಾತು: ಓಲೆ ವಾಪಸು ತರಬೇಕೋ ಏನೋ.

ಓಲೆ ವಾಪಸು ತರುವುದೆಂದರೆ ಸಣ್ಣ ಮಾತಲ್ಲ. ಒಮ್ಮೆ ಓಲೆ ಇಟ್ಟ ಹುಡುಗಿಯ ಕಿವಿ ಮತ್ತೆ ಬರಿದಾದರೆ, ಆಮೇಲೆ ಊರಿನ ಕಣ್ಣೆಲ್ಲ ಆ ಕಿವಿಯ ಮೇಲೆಯೇ. ಕುಬಾತ್ ಊಟ ಬಿಟ್ಟ. ಅಮ್ಮನ ಹತ್ತಿರ ವಾದ ಮಾಡಿದರೆ ಅವಳು ಇನ್ನೂ ಗಟ್ಟಿಯಾಗುತ್ತಾಳೆಂದು ಗೊತ್ತಿದ್ದವನು, ಆಲೂಗಡ್ಡೆಯ ಹತ್ತಿರವೇ ವಾದ ಮಾಡಲು ಹೊರಟ.

ಅಷ್ಟರಲ್ಲಿ ಅತ್ತಿಗೆ ಕಾಲಿಲ್ ಮೋಲ್ದೊ ಅವರನ್ನು ಕರೆಸಿದ್ದಳು. ಅವರು ನಮ್ಮ ಮಸೀದಿಯ ಗುರುಗಳು, ದೊಡ್ಡ ಮನುಷ್ಯರು. ಕುರಾನಿನ ಯಾವ ಸಾಲು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ತಮ್ಮ ಟೊಪ್ಪಿ ಎಲ್ಲಿದೆ ಎಂದು ದಿನಾ ನನ್ನನ್ನು ಕೇಳುತ್ತಾರೆ. ಪಾತಿಯನ್ನು ಸುತ್ತು ಹಾಕಿ, ಒಂದು ಎಲೆ ಮುಟ್ಟಿ, ಮೂಸಿದರು.

“ನೋಡಮ್ಮ, ಆಲೂಗಡ್ಡೆ ವಿಷಯ ನನಗೆ ತಿನ್ನೋದಷ್ಟೇ ಗೊತ್ತು. ಹುಳ ನೋಡಿಸಿದ್ದೀಯಾ?”

“ಹುಳದ ಮಾತು ಬೇಡ ಮೋಲ್ದೊ ಅವರೇ. ಉಪ್ಪಿಗೆ ಊದಿಕೊಡಿ.”

ಕೊಡದಿದ್ದರೆ ಪಕ್ಕದ ಊರಿನ ಮಂತ್ರಗಾತಿಯ ಹತ್ತಿರ ಹೋಗುತ್ತಾಳೆ ಎನ್ನುವುದು ಅವರಿಗೂ ಗೊತ್ತು. ಒಂದು ಚಿಟಿಕೆ ಉಪ್ಪನ್ನು ಅಂಗೈಯಲ್ಲಿ ಹಿಡಿದು, ಓದಿ, ಊದಿ ಕೊಟ್ಟರು. “ಪಾತಿಗೆ ನಿವಾಳಿಸಿ, ಹರಿಯೋ ನೀರಿಗೆ ಹಾಕಿಬಿಡು. ಮನಸ್ಸೂ ತಣ್ಣಗಾಗಲಿ” ಎಂದರು. ಹೋಗುವಾಗ ಅವರೂ ಎಡಕ್ಕೆ ತಿರುಗಿ ಉಗಿದು, “ಪರವಾಗಿಲ್ಲ, ಉಳಿದದ್ದು ಚೆನ್ನಾಗಿದೆ” ಎಂದರು. ಬುದ್ಧಿವಂತರು.

ಆದರೆ ಉಳಿದದ್ದು ಚೆನ್ನಾಗಿ ಉಳಿಯಲಿಲ್ಲ. ಮೂಲೆಯಿಂದ ಶುರುವಾದದ್ದು ಸಾಲಿನುದ್ದಕ್ಕೆ ನಡೆಯಿತು. ಎಲೆಗಳ ಅಂಚು ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕಂದಾಗಿ, ಗರಿಗರಿಯಾಗಿ, ಒಳಕ್ಕೆ ಸುರುಟಿಕೊಂಡವು. ಮೊದಲ ಸಾಲು ಮುಗಿದು ಎರಡನೆಯದಕ್ಕೆ ಇಳಿಯಿತು. ಅತ್ತಿಗೆಯ ಮುಖ ದಿನದಿನಕ್ಕೆ ಗಂಭೀರವಾಗುತ್ತ ಹೋಯಿತು. ತೋಟದಲ್ಲಿ ಒಬ್ಬಳೇ ಏನೋ ಗೊಣಗುತ್ತ ಓಡಾಡುತ್ತಿದ್ದಳು. ಪ್ರಾರ್ಥನೆಯೆಂದುಕೊಂಡು ನಾನು ಆ ಕಡೆ ನೋಡುತ್ತಿರಲಿಲ್ಲ. ಪ್ರಾರ್ಥನೆ ಮಾಡುವವರನ್ನು ಇಣುಕಿ ನೋಡಬಾರದು.

ಕುಬಾತ್ ಒಂದು ಬೆಳಿಗ್ಗೆ ಚಾಕು, ಸಲಿಕೆ, ಫೋನು, ಒಂದು ಗಾಜಿನ ಲೋಟ ಹಿಡಿದುಕೊಂಡು ಪಾತಿಗಿಳಿದ. “ಚಿಕ್ಕಪ್ಪ, ನೀವೂ ಬನ್ನಿ. ಸಾಕ್ಷಿ ಇರಲಿ” ಎಂದ.

ಮೊದಲು ಎಲೆಗಳನ್ನು ಮಗುಚಿ ನೋಡಿದೆವು. ಆಲೂಗಡ್ಡೆ ಎಲೆ ತಿನ್ನುವ ಪಟ್ಟೆ ಜೀರುಂಡೆ ಬಂದಿದ್ದರೆ ಎಲೆಯ ಹಿಂದೆ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಕೊಂಡಿರಬೇಕು. ಇರಲಿಲ್ಲ. ಬೇಲಿಯ ಹತ್ತಿರ ಕೂತಿದ್ದ ಅತ್ತಿಗೆ, “ನೋಡಿದ್ರಾ, ಜೀರುಂಡೆ ಅಲ್ಲ” ಎಂದಳು.

ಅಂಗಮಾರಿ ರೋಗವಾದರೆ ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಲೆ, ಬೆಳಗಿನ ಇಬ್ಬನಿಯಲ್ಲಿ ಅದರ ಹಿಂದೆ ಬಿಳಿ ಬೂಷ್ಟು. ಅದೂ ಇಲ್ಲ. “ಅಂಗಮಾರಿನೂ ಅಲ್ಲ” ಎಂದಳು ಅತ್ತಿಗೆ.

ಕುಬಾತ್ ಕಾಂಡವನ್ನು ಬುಡದಲ್ಲಿ ಕತ್ತರಿಸಿದ. ಕೊಳೆರೋಗವಾದರೆ ಒಳಗೆ ಕಪ್ಪಾಗಿರಬೇಕಿತ್ತು, ಬೆಳ್ಳಗಿತ್ತು. ಕತ್ತರಿಸಿದ ತುಂಡನ್ನು ಲೋಟದ ನೀರಿನಲ್ಲಿ ಇಳಿಬಿಟ್ಟು ಕಾದೆವು. ಸೊರಗು ರೋಗವಾದರೆ ಹಾಲಿನಂಥ ಎಳೆ ಇಳಿಯುತ್ತದಂತೆ. ನೀರು ಝರಿಯ ನೀರಿನ ಹಾಗೆ ತಿಳಿಯಾಗಿಯೇ ಇತ್ತು. ಮಣ್ಣು ಅಗೆದ. ತಂತಿಹುಳ ಕೊರೆದ ತೂತಿಲ್ಲ. ಅಕ್ರೋಟಿನಷ್ಟು ದಪ್ಪದ ಗೆಡ್ಡೆಗಳು ಮಗುವಿನ ಮುಖದ ಹಾಗೆ ನುಣ್ಣಗಿದ್ದವು. ಫೋನಿಗೆ ಚಿತ್ರ ತೆಗೆದು ತೋರಿಸಿದ. ಗಿಡಕ್ಕೆ ನೀರು ಸಾಲದು ಎಂದಿತು ಫೋನು. ನಮ್ಮ ಪಾದ ಪೂರ್ತಿ ಕೆಸರಿನಲ್ಲಿತ್ತು.

“ಮಣ್ಣು ಒದ್ದೆ, ಗಿಡ ಬಾಯಾರಿದ ಹಾಗಿದೆ. ಇದೇನು ಚಿಕ್ಕಪ್ಪ?”

“ಇದೇನು ಅಂತ ನಾನು ಹೇಳ್ತೀನಿ” ಎಂದಳು ಅತ್ತಿಗೆ ಎದ್ದು ನಿಂತು. “ಜೀರುಂಡೆ ಅಲ್ಲ, ಅಂಗಮಾರಿ ಅಲ್ಲ, ಕೊಳೆ ಅಲ್ಲ, ಹುಳ ಅಲ್ಲ. ನಾನು ಹೇಳಿದ್ರೆ ನಂಬಲಿಲ್ಲ. ಈಗ ನೀನೇ ಒಂದೊಂದಾಗಿ ತೋರಿಸಿಕೊಟ್ಟೆ. ಉಳಿದದ್ದೇನು?”

ಕುಬಾತ್ ಲೋಟವನ್ನು ನೆಲಕ್ಕಿಟ್ಟ. ಅವನು ಒಂದೊಂದು ರೋಗವನ್ನು ಬಿಡಿಸಿದ ಹಾಗೆಲ್ಲ ಶಾಯಿರ್‌ಳ ಕೊರಳಿಗೆ ಒಂದೊಂದು ಸುತ್ತು ಹಗ್ಗ ಬಿದ್ದಿತ್ತು. ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಬಾರದಿತ್ತು.

ಮರುದಿನ ನಸುಕಿನಲ್ಲಿ ನಾನು ಮಸೀದಿಗೆ ಹೊರಟಾಗ ಪಾತಿಯೊಳಗೆ ಯಾರೋ ಬಗ್ಗಿ ನಿಂತಿದ್ದರು. ಕುಬಾತ್. ಕೈಯಲ್ಲೊಂದು ಬಣ್ಣದ ಡಬ್ಬಿ. ಅದರೊಳಗಿಂದ ಪಟ್ಟೆ ಜೀರುಂಡೆಗಳನ್ನು ಒಂದೊಂದಾಗಿ ತೆಗೆದು, ಅಲಂಕಾರ ಮಾಡುವವನಂತೆ, ಎಲೆಗಳ ಮೇಲೆ ಕೂರಿಸುತ್ತಿದ್ದ.

“ಎಲ್ಲಿಂದ ತಂದೆಯೋ?”

“ಬುರುಲ್ ಆರಿಸಿಕೊಟ್ಟಳು. ಅವರ ಪಾತಿಯಿಂದ. ನಿನ್ನೆ ಇಡೀ ದಿನ ಕೂತು ಆರಿಸಿದಾಳೆ, ಪಾಪ.”

“ಎಲ್ಲರೂ ಜೀರುಂಡೆನ ಡಬ್ಬಿಗೆ ಹಾಕಿ ಸೀಮೆಎಣ್ಣೆ ಸುರೀತಾರೆ. ನೀನು ಡಬ್ಬಿಯಿಂದ ತೆಗೆದು ಬಿಡ್ತಿದ್ದೀಯಲ್ಲ.”

“ಅಮ್ಮನಿಗೆ ಕಣ್ಣಿಗೆ ಕಾಣೋ ಶತ್ರು ಬೇಕು ಚಿಕ್ಕಪ್ಪ. ಇಲ್ಲಾಂದ್ರೆ ನನ್ನ ಮದುವೆ ಮುರಿದುಹೋಗುತ್ತೆ. ನೀವು ಏನೂ ನೋಡಿಲ್ಲ ಅಲ್ವಾ?”

ಬಾಂಗಿಗೆ ಹೊತ್ತಾಗುತ್ತಿತ್ತು. ಸುಳ್ಳು ಹೇಳಬೇಕಾಗಿ ಬರಲಿಲ್ಲ, ಯಾಕೆಂದರೆ ಯಾರಿಗೂ ನನ್ನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಆ ಜೀರುಂಡೆಗಳಿಗೆ ನಮ್ಮತ್ತಿಗೆಯ ಎಲೆ ಸೇರಲಿಲ್ಲ. ಒಂದೆರಡು ಕಚ್ಚಿ ನೋಡಿ, ಅತಿಥಿಗಳು ಅಡುಗೆ ಕೆಟ್ಟಿರುವ ಮನೆಯಿಂದ ಜಾಗ ಖಾಲಿ ಮಾಡುವ ಹಾಗೆ, ಇಳಿದು, ಕಾಲುವೆಯ ಹಲಗೆ ದಾಟಿ, ಬೇಲಿ ನುಸುಳಿ, ಮಧ್ಯಾಹ್ನದ ಹೊತ್ತಿಗೆ ಪೂರಾ ನನ್ನ ಪಾತಿಗೆ ಬಂದು ಸೇರಿದವು. ನಾನು ಸಂಜೆಯವರೆಗೆ ಕೂತು ಆರಿಸಿದೆ. ಬುರುಲ್ ಪಟ್ಟ ಕಷ್ಟ ನನಗೂ ಅರ್ಥವಾಯಿತು.

ಅತ್ತಿಗೆ ಬೇಲಿಯ ಆಚೆಯಿಂದ ನೋಡಿ ತಲೆಯಾಡಿಸಿದಳು. “ನೋಡು ಬಾಂಗಪ್ಪ. ಕಣ್ಣು ಬಿದ್ದ ಗಿಡ ಹುಳಕ್ಕೂ ಬೇಡ.”

ಶುಕ್ರವಾರದ ನಮಾಜು ಮುಗಿದ ಮೇಲೆ, ಸಂಜೆ, ಓಲೆ ವಾಪಸು ತರುವುದೆಂದು ತೀರ್ಮಾನವಾಯಿತು. ಸಾಕ್ಷಿಗೆ ಮೋಲ್ದೊ ಅವರು ಬರಬೇಕು, ನಾನೂ ಬರಬೇಕು. ಅಣ್ಣ ಮಾತ್ರ ಹೊಟ್ಟೆನೋವೆಂದು ಮಲಗಿದ. ಆದರೆ ನಾವು ಹೊರಡುವ ಮೊದಲೇ ಸುದ್ದಿ ಆ ಮನೆ ಮುಟ್ಟಿತ್ತು. ಆ ಸಂಜೆ ಜಗಲಿಯಲ್ಲಿ ಹೊರಡುವ ಮುಂಚಿನ ಚಹಾ ಕುಡಿಯುತ್ತಿದ್ದಾಗ ಬೀದಿಬಾಗಿಲು ದಢಾರನೆ ತೆರೆದುಕೊಂಡಿತು. ಶಾಯಿರ್ ಒಳಗೆ ಬಂದಳು. ಹಿಂದೆ ಬುರುಲ್, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿ ಕಿವಿ ಮುಚ್ಚಿಕೊಂಡಿದ್ದಳು. ಬಾಗಿಲು ಹಾಕಿಕೊಳ್ಳುವ ಸೌಜನ್ಯ ಯಾರಿಗೂ ನೆನಪಾಗಲಿಲ್ಲ.

ಶಾಯಿರ್ ಅಂಗೈ ಬಿಚ್ಚಿದಳು. ಓಲೆಗಳು.

“ನೀವ್ಯಾಕೆ ಬರೋ ಕಷ್ಟ ತಗೋತೀರಿ ಬೀಗಿತ್ತಿ. ನಾನೇ ತಂದೆ. ತಗೊಳ್ಳಿ. ಆದ್ರೆ ಮೋಲ್ದೊ ಅವರ ಮುಂದೆ ಒಂದು ಮಾತು ಕೇಳ್ತೀನಿ. ನನ್ನ ಕಣ್ಣು ಅಷ್ಟು ಜೋರಾಗಿದ್ರೆ, ನನ್ನ ಗಂಡ ಬದುಕಿದ್ದಾಗ ಮೂವತ್ತು ವರ್ಷ ದಿನಾ ಅವನನ್ನ ನೋಡಿದೀನಿ. ಒಂದು ದಿನಾನೂ ಅವನಿಗೆ ಒಂದು ಕೆಮ್ಮು ಬರಲಿಲ್ಲ.”

“ಅವನನ್ನ ಒಂದು ದಿನನಾದ್ರೂ ಹೊಗಳಿದ್ದೆಯಾ?” ಎಂದಳು ಅತ್ತಿಗೆ.

ಶಾಯಿರ್ ಯೋಚಿಸಿದಳು. ನ್ಯಾಯವಾದ ಹೆಂಗಸು. “ಇಲ್ಲ” ಎಂದಳು.

“ಮತ್ತೆ?”

ಕುಬಾತ್ ಬುರುಲ್‌ಳನ್ನೇ ನೋಡುತ್ತಿದ್ದ, ಬುರುಲ್ ನೆಲ ನೋಡುತ್ತಿದ್ದಳು. ಅತ್ತಿಗೆ ಕೈ ಚಾಚಿದಳು. ಓಲೆ ಎತ್ತಿಕೊಳ್ಳುವ ಮೊದಲು ಒಮ್ಮೆ ಬುರುಲ್‌ಳ ಕಡೆ ನೋಡಿದಳು. ಹುಡುಗಿಯನ್ನು ಅವಳೇ ಇಷ್ಟಪಟ್ಟು ಆರಿಸಿದ್ದಳು.

ಅದೇ ಹೊತ್ತಿಗೆ ಊರ ಮಂದೆ ಬೆಟ್ಟದಿಂದ ಇಳಿದು ಬೀದಿಗೆ ಬಂದಿತ್ತು. ತೆರೆದ ಬಾಗಿಲಲ್ಲಿ ಮೊದಲು ಒಂದು ಮುದಿ ಟಗರು ತಲೆ ಹಾಕಿ ನೋಡಿತು. ಯಾರೂ ಬೈಯಲಿಲ್ಲ. ಅದರ ಹಿಂದೆ ಇನ್ನೊಂದು ಹತ್ತು ಹನ್ನೆರಡು. ಅಂಗಳ ದಾಟಿ ನೇರ ಆಲೂಗಡ್ಡೆ ಪಾತಿಗೆ ನುಗ್ಗಿದವು.

“ಹಚ್ಚಾ” ಎಂದು ಕುಬಾತ್ ಕೋಲು ಹಿಡಿದು ಓಡಿದವನು, ಅರ್ಧದಲ್ಲೇ ನಿಂತ.

ಕುರಿಗಳು ಎಲೆ ತಿನ್ನುತ್ತಿರಲಿಲ್ಲ. ಮೊಣಕಾಲೂರಿ, ಕಣ್ಣು ಅರೆಮುಚ್ಚಿ, ಗಿಡಗಳ ಬುಡದ ಮಣ್ಣನ್ನು ನೆಕ್ಕುತ್ತಿದ್ದವು. ಟಗರು ಎಲ್ಲರಿಗಿಂತ ಮುಂದೆ, ಹಣೆ ನೆಲಕ್ಕೆ ಹಚ್ಚಿತ್ತು. ಮಸೀದಿಯಲ್ಲಿ ಅಷ್ಟು ಭಕ್ತಿಯಿಂದ ಬಾಗುವವರನ್ನು ನಾನು ಹೆಚ್ಚು ಕಂಡಿಲ್ಲ. ಮೋಲ್ದೊ ಅವರಿಗೂ ಅದೇ ಹೊಳೆದಿರಬೇಕು, ಕೆಮ್ಮಿದರು.

ಕುಬಾತ್ ಬಗ್ಗಿ ಮಣ್ಣು ಮುಟ್ಟಿ ಬೆರಳನ್ನು ನಾಲಿಗೆಗೆ ಇಟ್ಟುಕೊಂಡ.

“ಉಪ್ಪು” ಎಂದ.

ನಾನೂ ಹೋಗಿ ನೆಕ್ಕಿದೆ. ಶಾಯಿರ್‌ಳೂ ಬಂದು ನೆಕ್ಕಿದಳು. ಉಪ್ಪೆಂದರೆ ಉಪ್ಪು. ನಾವು ಕುಡಿಯುವ ಉಪ್ಪುಚಹಾಕ್ಕೆ ಹಾಕಿದರೆ ಒಂದು ಕೊಡಕ್ಕೆ ಸಾಕಾಗುವಷ್ಟು.

ಎಲ್ಲರೂ ಮೋಲ್ದೊ ಅವರ ಕಡೆ ತಿರುಗಿದರು. ಅವರು ಎರಡೂ ಅಂಗೈ ಎತ್ತಿ ತೋರಿಸಿದರು. “ನಾನು ಊದಿದ್ದು ಒಂದು ಚಿಟಿಕೆಗೆ. ಹರಿಯೋ ನೀರಿಗೆ ಹಾಕು ಅಂದೆ. ಇದು ಮೂಟೆಗಟ್ಟಲೆ ಇದೆಯಲ್ಲಮ್ಮ.”

ಅತ್ತಿಗೆ ಜಗಲಿಯ ಕಂಬ ಹಿಡಿದುಕೊಂಡಿದ್ದಳು. “ಒಂದು ಚಿಟಿಕೆ ಇಷ್ಟು ದೊಡ್ಡ ಪಾತಿಗೆ ಎಲ್ಲಿ ಸಾಕಾಗುತ್ತೆ? ಅದಕ್ಕೆ ಕುರಿ ನೆಕ್ಕೋ ಉಪ್ಪಿನ ಹರಳು ಕುಟ್ಟಿ, ನೀವು ಊದಿದ್ದನ್ನ ಅದಕ್ಕೆ ಬೆರೆಸಿದೆ.”

“ಬೆರೆಸಿದೆ ಅಂದ್ರೆ?”

“ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಚಮಚ ಮೊಸರು ಒಂದು ಕೊಡ ಹಾಲನ್ನ ಮೊಸರು ಮಾಡಲ್ವಾ? ಮೂಟೆ ಮುಗಿಯೋಕೆ ಬಂದಾಗ ಉಳಿದ ಒಂದು ಹಿಡಿನ ಇನ್ನೊಂದು ಮೂಟೆಗೆ ಹಾಕಿದೆ. ಒಂದೊಂದು ಗಿಡಕ್ಕೂ ನಿವಾಳಿಸಿ ಬುಡಕ್ಕೆ ಹಾಕಿ ನೀರು ಬಿಟ್ಟೆ. ಬಾಡಿದಷ್ಟೂ ಜಾಸ್ತಿ ಹಾಕಿದೆ. ಮದ್ದು ಮಾಡ್ತಿರೋದನ್ನ ಬಾಯಿ ಬಿಟ್ಟು ಹೇಳಿದ್ರೆ ಹಿಡಿಯಲ್ಲ ಅಂತ ಯಾರಿಗೂ ಹೇಳಲಿಲ್ಲ.”

ಮೋಲ್ದೊ ಅವರು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. ಆಶೀರ್ವಾದಕ್ಕೆ ಹೆಪ್ಪು ಹಾಕಬಾರದೆಂದು ಯಾವ ಗ್ರಂಥದಲ್ಲಿ ಬರೆದಿದೆ ಎಂದು ಹುಡುಕುತ್ತಿದ್ದರೆಂದು ಕಾಣುತ್ತದೆ. ಸಿಗಲಿಲ್ಲ. “ಉಪ್ಪು ಮೊಸರಲ್ಲಮ್ಮ” ಎಂದಷ್ಟೇ ಹೇಳಿದರು.

ಶಾಯಿರ್ ನಗಲಿಲ್ಲ. ಓಲೆ ಹಿಡಿದ ಮುಷ್ಟಿಯನ್ನು ಮಾತ್ರ ಮೆಲ್ಲಗೆ ಮುಚ್ಚಿಕೊಂಡಳು. ಅದನ್ನು ನೋಡಿದ ಅತ್ತಿಗೆಗೆ ತಾನು ಪೂರ್ತಿ ಸೋಲಬಾರದು ಎನಿಸಿತು.

“ಸರಿ. ಇವಕ್ಕೆಲ್ಲ ನಾನೇ ಉಪ್ಪು ಹಾಕಿದೆ. ಮೊದಲನೇ ಗಿಡಕ್ಕೆ? ಅದು ಸತ್ತಾಗ ಉಪ್ಪೂ ಇರಲಿಲ್ಲ, ಊದಿದ್ದೂ ಇರಲಿಲ್ಲ. ಬುಡದಲ್ಲಿ ಒಂದು ಗೆಡ್ಡೆ ಇರಲಿಲ್ಲ. ಅದಕ್ಕೆ ಯಾರು ಜವಾಬು ಹೇಳ್ತೀರಿ?”

ಕುಬಾತ್ ಆ ಗಿಡವನ್ನು ನೋಡಿಯೇ ಇರಲಿಲ್ಲ, ಅತ್ತಿಗೆ ಅದನ್ನು ಆವತ್ತೇ ಒಲೆಗೆ ಹಾಕಿದ್ದಳು. ಬುರುಲ್ ವಸ್ತ್ರದ ಗಂಟನ್ನು ಬಿಚ್ಚಹೊರಟವಳು ಮತ್ತೆ ಬಿಗಿ ಮಾಡಿದಳು.

ಆಗ ಒಳಗಿನಿಂದ, ಹಾಸಿಗೆಯ ಕಡೆಯಿಂದ, ನಮ್ಮಣ್ಣನ ಧ್ವನಿ ಬಂತು.

“ಅದನ್ನ ನಾನು ತಿಂದೆ.”

ಅತ್ತಿಗೆ ತಿರುಗಿ ನೋಡಿದಳು. ಅಣ್ಣ ಕಂಬಳಿ ಹೊದ್ದುಕೊಂಡು ಬಾಗಿಲಿಗೆ ಬಂದು ನಿಂತ.

“ಹೊಸ ಗೆಡ್ಡೆ ಆಸೆಯಾಯ್ತು. ಕೇಳಿದ್ರೆ ಹೂವು ಉದುರೋವರೆಗೆ ಮುಟ್ಟಬೇಡ ಅಂತೀಯ. ಬುಡಕ್ಕೆ ಕೈ ಹಾಕಿ ಗೆಡ್ಡೆ ತಗೊಂಡು, ಗಿಡನ ಮತ್ತೆ ಮಣ್ಣಲ್ಲಿ ನಿಲ್ಲಿಸಿದ್ದೆ. ಹಟ್ಟಿ ಹಿಂದೆ ಈರುಳ್ಳಿ ಹಾಕಿ ಹುರಿದ್ವಿ.”

“ಹುರಿದ್ವಿ? ನೀವು ಮತ್ತೆ ಯಾರು?”

ಅಣ್ಣ ಆಕಾಶ ನೋಡಿದ. ಮೋಲ್ದೊ ಅವರು ತಮ್ಮ ಟೊಪ್ಪಿಯನ್ನು ಸರಿಮಾಡಿಕೊಂಡರು. ಆಲೂಗಡ್ಡೆ ವಿಷಯ ತಿನ್ನುವುದಷ್ಟೇ ಗೊತ್ತು ಎಂದು ಅವರು ಹೇಳಿದ್ದು ನನಗೆ ನೆನಪಾಯಿತು. ದೇವರು ಅವರಿಗೆ ಆಯಸ್ಸು ಕೊಡಲಿ.

“ನಿಮ್ಮ ಮಗನ ಮದುವೆ ಮುರೀತಿದ್ರೂ ಬಾಯಿ ಬಿಡಲಿಲ್ಲವಲ್ಲ” ಎಂದಳು ಅತ್ತಿಗೆ.

“ಈಗ ಬಿಟ್ಟೆನಲ್ಲ” ಎಂದ ಅಣ್ಣ.

ಅತ್ತಿಗೆ ಮೆಟ್ಟಿಲಿಳಿದು ಶಾಯಿರ್‌ಳ ಮುಂದೆ ನಿಂತು ಕೈ ಚಾಚಿದಳು. “ಕೊಡು. ನಾನೇ ಮತ್ತೆ ಇಡ್ತೀನಿ.”

ಶಾಯಿರ್ ಮುಷ್ಟಿ ಬಿಚ್ಚಲಿಲ್ಲ. “ಇಲ್ಲಿ ಬೇಡ. ಓಲೆ ಇಡೋರು ಹುಡುಗಿ ಮನೆಗೆ ಬರಬೇಕು. ನಾಳೆ ಬನ್ನಿ. ನಮ್ಮದೂ ಒಂದು ಆಲೂಗಡ್ಡೆ ಪಾತಿ ಇದೆ. ಬಂದು ನೋಡಿ, ಬಾಯ್ತುಂಬ ಹೊಗಳಿ. ಉಗಿಯೋ ಹಾಗಿಲ್ಲ.”

ಇದು ಕಷ್ಟದ ಶರತ್ತು. ಆ ರಾತ್ರಿ ಅತ್ತಿಗೆ ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ.

ಮರುದಿನ ಹೋದೆವು. ಶಾಯಿರ್ ಚಹಾಕ್ಕೂ ಕರೆಯದೆ ನೇರ ಹಿತ್ತಲಿಗೆ ಕರೆದೊಯ್ದಳು. ಜೀರುಂಡೆಯನ್ನೆಲ್ಲ ಬುರುಲ್ ಆರಿಸಿ ನಮ್ಮ ಕಡೆ ಕಳಿಸಿದ್ದರಿಂದ ಆ ಪಾತಿ ಅರಮನೆಯ ರತ್ನಗಂಬಳಿಯಂತೆ ಮಿರಮಿರ ಮಿನುಗುತ್ತಿತ್ತು. ಅತ್ತಿಗೆ ಬೇಲಿಯ ಹತ್ತಿರ ನಿಂತಳು. ತುಟಿ ಮುಂದೆ ಬಂತು, ಎಡಭುಜ ತಾನಾಗಿಯೇ ಎದ್ದಿತು. ಶಾಯಿರ್ ಕೈಕಟ್ಟಿ ನೋಡುತ್ತಿದ್ದಳು. ಅತ್ತಿಗೆ ಬಾಯಲ್ಲಿ ಬಂದದ್ದನ್ನು ನುಂಗಿಕೊಂಡಳು. ಅದು ಗಂಟಲಿನಲ್ಲಿ ಇಳಿದದ್ದು ನಮಗೆಲ್ಲ ಕಾಣಿಸಿತು.

“ಚೆನ್ನಾಗಿದೆ ಬೀಗಿತ್ತಿ” ಎಂದಳು. ಸ್ವಲ್ಪ ತಡೆದು, “ನಮ್ಮದಕ್ಕಿಂತ ಚೆನ್ನಾಗಿದೆ” ಎಂದಳು.

ಶಾಯಿರ್ ಓಲೆಗಳನ್ನು ಅವಳ ಕೈಗಿಟ್ಟಳು. ಬುರುಲ್ ತಲೆಯ ವಸ್ತ್ರ ಬಿಚ್ಚಿ, ಕೂದಲು ಹಿಂದೆ ಸರಿಸಿ, ಅತ್ತೆಯ ಮುಂದೆ ಬಗ್ಗಿದಳು. ಬೆಳ್ಳಿ ಮತ್ತೆ ಕಿವಿಗೆ ಬಂತು. ಕುಬಾತ್ ಆವತ್ತು ಉಂಡ ಊಟ ನೋಡಿದರೆ ಅವನ ಮೇಲೆಯೇ ಯಾರಾದರೂ ಉಗಿಯಬೇಕಿತ್ತು.

ಹಿಂದಿರುಗಿ ಬರುವಾಗ ಬೀದಿಯ ತಿರುವಿನಲ್ಲಿ ನನ್ನ ಮೂಗಿಗೆ ಸುಟ್ಟ ಆರ್ಚಾ ಸೊಪ್ಪಿನ ವಾಸನೆ ಬಂತು. ದೃಷ್ಟಿ ತೆಗೆಯಲು ನಾವು ಹಾಕುವ ಹೊಗೆ ಅದು. ಹಿಂತಿರುಗಿ ನೋಡಲು ಹೋದೆ. ಅತ್ತಿಗೆ ನನ್ನ ತೋಳು ಹಿಡಿದು ಮುಂದಕ್ಕೆ ನಡೆಸಿದಳು.

“ನೋಡಬೇಡ ಬಾಂಗಪ್ಪ. ಪಾತಿ ಸುತ್ತ ಹೊಗೆ ಹಾಕ್ತಿದಾಳೆ. ಹಾಕಲಿ, ನಾನಾಗಿದ್ರೂ ಹಾಕ್ತಿದ್ದೆ.”

“ಉಪ್ಪಿನ ಹಾಗಲ್ಲ, ಹೊಗೆಯಿಂದ ಗಿಡಕ್ಕೇನೂ ಆಗಲ್ಲ” ಎಂದ ಕುಬಾತ್.